ಕಾಗೆಯ ಮುಸುರೆ

ಇವತ್ತು ಬೆಳಿಗ್ಗೆ ಆರೂವರೆಗೆ ನನ್ನ ಕೈಗೆ ಸಿಕ್ಕಿದ್ದು ಒಂದು ಕೋಳಿ ಮೂಳೆ. ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ಬೇಯಿಸಿದವರಿಲ್ಲ. ಹಕ್ಕಿಗಳಿಗೆಂದು ಅಂಗಳದಲ್ಲಿ ಇಟ್ಟ ಮಣ್ಣಿನ ತಟ್ಟೆಯಲ್ಲಿ ನಿನ್ನೆ ಸಂಜೆಯಿಂದ ನೆಂದು, ನೀರಿನ ಮೇಲೆಲ್ಲ ಜಿಡ್ಡು ಬಿಟ್ಟಿತ್ತು. ಹಾಕಿದವನು ಎದುರುಮನೆಯ ಟ್ಯಾಂಕಿನ ಮೇಲೆ ಕೂತು, ಕುತ್ತಿಗೆ ಓರೆ ಮಾಡಿ ನನ್ನನ್ನೇ ನೋಡುತ್ತಿದ್ದ. ಇನ್ನೂ ತೊಳೆದಾಗಿಲ್ವಾ ಅನ್ನೋ ಹಾಗೆ.

ಮಾರ್ಚ್ 20ರ ಗುಬ್ಬಚ್ಚಿ ದಿನದ ಹುಮ್ಮಸ್ಸಿನಲ್ಲಿ ತಂದ ತಟ್ಟೆ ಅದು. ಆಳ 2 ಇಂಚು ದಾಟಬಾರದು, ಒಳಗೆ ಕಾಲು ಜಾರಬಾರದು, ಜೇನ್ನೊಣ ಮುಳುಗದ ಹಾಗೆ ನಡುವೆ ಕಲ್ಲಿರಬೇಕು, ಬೆಕ್ಕು ಅವಿತು ಕೂರುವ ಪೊದೆ ಪಕ್ಕ ಇಡಬಾರದು. ಮಗಳಿಗೆ ಗಂಡು ಹುಡುಕುವಾಗಲೂ ಇಷ್ಟು ನೋಡಿರಲಿಲ್ಲ. ಪಿಕಳಾರ ಬಂತು, ಗೊರವಂಕ ಬಂತು, ಮಡಿವಾಳ ಹಕ್ಕಿಯೂ ಬಂದು ಹೆಸರಿಗೆ ತಕ್ಕಂತೆ ಮೈ ತೊಳೆದುಕೊಂಡು ಹೋಯಿತು. ಗುಬ್ಬಚ್ಚಿ ಮಾತ್ರ ಇವತ್ತಿನವರೆಗೂ ಪತ್ತೆಯಿಲ್ಲ.

ಕಾಗೆಗೆ ಅದು ಬಚ್ಚಲಲ್ಲ, ಅಡುಗೆಮನೆ. ಗಟ್ಟಿಯಾದದ್ದು ಏನು ಸಿಕ್ಕರೂ ತಂದು ನೆನೆಸುತ್ತದೆ. ಸೋಮವಾರ ಒಣಗಿದ ಬನ್ನು. ಮಂಗಳವಾರ ಚಕ್ಕುಲಿ. ಮುಳುಗಿಸಿ, ಪಕ್ಕದಲ್ಲೇ ಕಾದು, ಕೊಕ್ಕಿನಿಂದ ಮಗುಚಿ, ಹದ ಬಂತಾ ಅಂತ ಒಮ್ಮೆ ಕುಕ್ಕಿ ನೋಡಿ, ಇನ್ನೂ ಬಂದಿಲ್ಲ ಅಂತ ಮತ್ತೆ ಮುಳುಗಿಸುತ್ತದೆ. ಬುಧವಾರ ಇಲಿಯ ಬಾಲ. ಬಾಲ ಮಾತ್ರ. ಉಳಿದದ್ದು ಏನಾಯಿತು ಅಂತ ನಾನು ವಿಚಾರಿಸಲಿಲ್ಲ. ಅಪ್ಪನ ತಿಥಿಯ ದಿನ ಪಿಂಡ ಇಟ್ಟು ಮುಕ್ಕಾಲು ಗಂಟೆ "ಕಾ ಕಾ" ಅಂತ ಕೂಗಿದ್ದೆ. ಆವತ್ತು ಇದೇ ಮಹಾರಾಯ ಅದೇ ಟ್ಯಾಂಕಿನ ಮೇಲೆ ಬೆನ್ನು ತಿರುಗಿಸಿ ಕೂತಿದ್ದ.

ತೊಳೆಯೋಣ ಅಂದರೆ ಸೋಪು ಹಾಕೋ ಹಾಗಿಲ್ಲ. ಮಣ್ಣು ಸೋಪನ್ನು ಹೀರಿಕೊಳ್ಳುತ್ತದೆ, ಆಮೇಲೆ ಹಕ್ಕಿಯ ಗರಿಯ ಎಣ್ಣೆ ಹೋಗುತ್ತದೆ. ತೆಂಗಿನ ನಾರು, ಬಿಸಿನೀರು, ನನ್ನ ಸೊಂಟ, ಅಷ್ಟೇ. ಸುಮ್ನೆ ನೀರು ಚೆಲ್ಲಿದರೂ ಸಾಲದು. ಡೆಂಗಿ ಸೊಳ್ಳೆಯ ಮೊಟ್ಟೆ ಅಂಚಿಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ನೀರು ಬಿದ್ದ ಮೇಲೆ ವಾರ, ಹತ್ತು ದಿನದಲ್ಲಿ ಸೊಳ್ಳೆ. 2024ರಲ್ಲಿ ಪಟ್ಟಣದ ಮನೆಗಳಿಗೆ ಇದಕ್ಕೆ 400 ರೂಪಾಯಿ ದಂಡ ಅಂತ ಬೇರೆ ಮಾಡಿದರು. ಆ ಬುಧವಾರವೇ ಆಶಾ ಕಾರ್ಯಕರ್ತೆ ಬರಬೇಕೇ! "ಯಾರಿಗೆ ಸರ್ ಇದು?" ಅಂದರು. "ಗುಬ್ಬಚ್ಚಿಗೆ" ಅಂದೆ. ಅವರ ಟಾರ್ಚು ಇಲಿ ಬಾಲದ ಮೇಲೇ ನಿಂತಿತ್ತು.

ಅಜ್ಜಿ ಮನೆಯ ಬಾವಿಕಟ್ಟೆಯಿಂದ ಬಾಳೆಬುಡಕ್ಕೆ ಒಂದು ಗೇಣಗಲದ ಕಾಲುವೆ ಇತ್ತು. ಅದರ ತುಂಬ ಗುಬ್ಬಚ್ಚಿಗಳು ಪುಳಕ್ ಪುಳಕ್ ಅಂತ ಮುಳುಗಿ, ರೆಕ್ಕೆ ಒದರಿ, ಒಣಹಾಕಿದ ಹಪ್ಪಳಕ್ಕೆಲ್ಲ ನೀರು ಸಿಡಿಸುತ್ತಿದ್ದವು. ಅಜ್ಜಿ ಬೈಯುತ್ತಿದ್ದಳು. ನೀರು ನಿಲ್ಲುತ್ತಲೇ ಇರಲಿಲ್ಲ, ಯಾರೂ ಏನೂ ತೊಳೆಯುತ್ತಿರಲಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಕಾಗೆ ಮತ್ತೆ ಬಂತು. ಬಾಯಲ್ಲಿ ಅರ್ಧ ಚಪಾತಿ. ಮುಳುಗಿಸಿತು, ಮಗುಚಿತು, ಕುಕ್ಕಿತು, ಮತ್ತೆ ಮುಳುಗಿಸಿತು.

"ನೋಡೇ, ಈಗಷ್ಟೇ ತೊಳೆದಿಟ್ಟಿದ್ದೆ!" ಅಂತ ಹೆಂಡತಿಯನ್ನು ಕರೆದೆ.

ಅವಳು ಕಿಟಕಿಯಿಂದ ಬಗ್ಗಿ ನೋಡಿದಳು. "ರಾತ್ರಿ ನೀವು ಮಾಡಿದ್ದಲ್ವಾ ಅದು? ಪಾಪ, ನೆನೆಸದೆ ಹೇಗೆ ತಿನ್ನುತ್ತೆ ಬಿಡಿ."