ರ್ಯಾಮ್ ಎಷ್ಟಿದ್ರೇನು, ಡಿವೈಸಿಗೆ ಎಟುಕ್ಬೇಕಲ್ಲ

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಬೆಂಗಳೂರಿನ ಎಸ್‌ಪಿ ರೋಡಿಂದ 2 ಜಿಬಿದು ಎರಡು ರ್ಯಾಮ್ ತಂದು ಹಾಕಿದವರಿಗೆ ನೆನಪಿರತ್ತೆ, ಪ್ರಾಪರ್ಟೀಸ್ ತೆಗೆದ್ರೆ 3.25 ಜಿಬಿ ಅಂತ ತೋರಿಸೋದು, ಅಂಗಡಿಯವ್ನಿಗೆ ಸುಮ್ಸುಮ್ನೆ ಬೈಗುಳ. "32 ಬಿಟ್ ಅಲ್ವಾ, ಅಷ್ಟೇ" ಅಂತ ಗೊತ್ತಿರೋರು ಹೇಳೋರು, ಅಂದ್ರೆ 32 ಬಿಟ್ ಅಡ್ರೆಸ್ಸಿಗೆ 4 ಜಿಬಿ ತನಕ ಮಾತ್ರ ಎಟುಕತ್ತೆ, ಅದರಲ್ಲೂ ಒಂದಷ್ಟು ಗ್ರಾಫಿಕ್ಸ್ ಕಾರ್ಡು ಮುಂತಾದ ಡಿವೈಸುಗಳ ಪಾಲು ಅಂತ. ಅದು ಅರ್ಧ ಸತ್ಯ ಕಣ್ರೀ. ಪಿಎಇ (ಅಡ್ರೆಸ್ಸಿಗೆ ಇನ್ನಷ್ಟು ಬಿಟ್ ಕೊಡೋ ಪ್ರೊಸೆಸರ್ ಸೌಲಭ್ಯ) ಇದ್ರೆ 32 ಬಿಟ್ ಪ್ರೊಸೆಸರ್ರೇ 64 ಜಿಬಿ ತನಕ ಮುಟ್ಟತ್ತೆ, ವಿಂಡೋಸ್ ಸರ್ವರ್ ಎಡಿಷನ್‌ಗಳು ಅದನ್ನ ಬಳಸ್ತಾನೂ ಇದ್ವು. ಡೆಸ್ಕ್‌ಟಾಪಿಗೆ ಬೇಡ ಅಂತ ಮೈಕ್ರೋಸಾಫ್ಟ್ 2004ರ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2ನಲ್ಲಿ 4 ಜಿಬಿಗೆ ಗೆರೆ ಎಳೆದಿದ್ದು ಡ್ರೈವರ್‌ಗಳ (ಡಿವೈಸುಗಳನ್ನ ನಡೆಸೋ ಸಾಫ್ಟ್‌ವೇರ್) ದೆಸೆಯಿಂದ, ಅದಕ್ಕಿಂತ ಮೇಲಿನ ಅಡ್ರೆಸ್ ಕೊಟ್ರೆ ಎಷ್ಟೋ ಡ್ರೈವರ್‌ಗಳು ಕಂಗಾಲಾಗಿ ಸಿಸ್ಟಮ್ಮನ್ನೇ ಬೀಳಿಸ್ತಿದ್ವು.

ವಿಷಯ ಇಷ್ಟೇ, ನೆಟ್‌ವರ್ಕ್ ಕಾರ್ಡು, ಡಿಸ್ಕು ಇವೆಲ್ಲ ಸಿಪಿಯುನ ಕೇಳದೇ ನೇರವಾಗಿ ರ್ಯಾಮಿಗೆ ಬರೀತವೆ, ಅದೇ ಡಿಎಂಎ. ಸಿಪಿಯುಗೆ ಕಾಣೋ ಮೆಮೊರಿಯೆಲ್ಲ ಡಿವೈಸಿಗೂ ಕಾಣಬೇಕು ಅಂತೇನಿಲ್ಲ. ಹಳೇ ಪಿಸಿಗಳ ಐಎಸ್‌ಎ ಸ್ಲಾಟ್ ಕಾರ್ಡುಗಳ ಡಿಎಂಎಗೆ 24 ಬಿಟ್ ಅಡ್ರೆಸ್ಸು, ಅಂದ್ರೆ 16 ಎಂಬಿ ಅಷ್ಟೇ. ಆ 16 ಎಂಬಿ ಇವತ್ತಿಗೂ ಎಕ್ಸ್86 (ಇಂಟೆಲ್, ಎಎಂಡಿ ಪಿಸಿ) ಲಿನಕ್ಸಲ್ಲಿ ಜೋನ್ ಡಿಎಂಎ ಅಂತ, ಅಂದ್ರೆ ಇಂಥ ಡಿವೈಸುಗಳಿಗೇ ಮೀಸಲಿನ ಮೆಮೊರಿ ಭಾಗವಾಗಿ ಉಳ್ಕೊಂಡಿದೆ ನೋಡಿ!

ಲಿನಕ್ಸ್ ಗೆರೆ ಎಳೀಲಿಲ್ಲ. ಡ್ರೈವರ್ "ನಂಗೆ ಇಷ್ಟು ಬಿಟ್ ಎಟುಕತ್ತೆ" ಅಂತ ಡಿಎಂಎ ಮಾಸ್ಕ್ ಹೇಳಬೇಕು, ಹೇಳ್ದೇ ಇದ್ರೆ 32 ಅಂತ್ಲೇ ಲೆಕ್ಕ. ಐಒಎಂಎಂಯು (ಡಿವೈಸು ಕೇಳೋ ಅಡ್ರೆಸ್ಸನ್ನ ಬೇರೆ ಅಡ್ರೆಸ್ಸಿಗೆ ತಿರುಗಿಸೋ ಹಾರ್ಡ್‌ವೇರ್) ಇದ್ರೆ ಅದೇ ಅಡ್ರೆಸ್ ಮ್ಯಾಪ್ ಮಾಡ್ಕೊಡತ್ತೆ, ಇಲ್ದಿದ್ರೆ ಬೌನ್ಸ್ ಬಫರ್, ಅಟ್ಟದ ಮೇಲಿನ ಡಬ್ಬಿ ಕುಳ್ಳಗಿರೋರಿಗೆ ಕೆಳಗಿಳಿಸಿ ಕೊಟ್ಟ ಹಾಗೆ ಡೇಟಾನ ಕೆಳಗಿನ ಮೆಮೊರಿಗೆ ಕಾಪಿ ಮಾಡಿ ಕೊಡೋದು. ಅದಕ್ಕೆ ಅಂತ ಬೂಟ್ ಆಗುವಾಗ್ಲೇ ಸಾಮಾನ್ಯವಾಗಿ 64 ಎಂಬಿ ಎತ್ತಿಟ್ಟಿರತ್ತೆ. ನನ್ನ ಪ್ರಕಾರ ಇದೇ ಸರಿಯಾದ ದಾರಿ, ಒಂದು ಕೆಟ್ಟ ಕಾರ್ಡಿಗೋಸ್ಕರ ಇಡೀ ಮಷೀನಿನ ರ್ಯಾಮ್ ಯಾಕೆ ಕಳ್ಕೋಬೇಕು? ಆದ್ರೆ ಇದು ಸದ್ದಿಲ್ದೆ ನಡೆಯತ್ತೆ, ಕಾಪಿ ಮಾಡೋದ್ರಲ್ಲಿ ಸ್ಪೀಡ್ ಹೋಗ್ತಿದ್ರೂ ಡಿಮೆಸೇಜಲ್ಲಿ (ಕರ್ನಲ್ ಅಂದ್ರೆ ಲಿನಕ್ಸಿನ ತಿರುಳು ಬರೆಯೋ ಲಾಗು) "ಬಫರ್ ಈಸ್ ಫುಲ್" ಅಂತ ಬರೋ ತನಕ ಯಾರಿಗೂ ಗೊತ್ತಾಗಲ್ಲ, ಅದು ನಂಗೆ ಇಷ್ಟ ಇಲ್ಲ.

ಇದೆಲ್ಲ ಹಳೇ ಕಥೆ ಅನ್ಕೋಬೇಡಿ. 2019ರಲ್ಲಿ ಬಂದ ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್ ತಗೊಳ್ಳಿ, 4 ಜಿಬಿ ಮಾಡೆಲ್ಲು. ಮೊದಲು ಬಂದ ಚಿಪ್ಪಲ್ಲಿ ಯುಎಸ್‌ಬಿ ಕೂತಿರೋ ಪಿಸಿಐಇ ಅನ್ನೋ ಸಂಪರ್ಕಕ್ಕೆ ಕೆಳಗಿನ 3 ಜಿಬಿ ಮಾತ್ರ ಎಟುಕೋದು, ಚಿಪ್ಪೊಳಗೆ ಹಳೇ ಪೈಗಳಿಂದ ಬಂದ ಎಷ್ಟೋ ಭಾಗಗಳಿಗೆ ಬರೀ 1 ಜಿಬಿ. 64 ಬಿಟ್ ಆರ್ಮ್ ಪ್ರೊಸೆಸರ್‌ಗಳಲ್ಲಿ (ಪೈಲಿರೋದೂ ಅದೇ) 4 ಜಿಬಿ ಜೋನ್ ಒಂದಿದ್ರೆ ಸಾಕು ಅಂತ ಇದ್ದ ಕರ್ನಲ್ಲು, 5.5ರಲ್ಲಿ 1 ಜಿಬಿಯ ಇನ್ನೊಂದು ಜೋನ್ ಸೇರಿಸ್ಕೋಬೇಕಾಯ್ತು. ಚಿಪ್ ಮಾಡೋರು ನಾಲ್ಕು ಬಿಟ್ ಉಳಿಸ್ತಾರೆ, ತಲೆನೋವು ಕರ್ನಲ್ಲಲ್ಲಿ ಮೆಮೊರಿ ಹಂಚೋ ಅಲೊಕೇಟರ್ ನೋಡ್ಕೊಳ್ಳೋರಿಗೆ.

ಮಿತಿ ಇರೋದು ತಪ್ಪಲ್ಲ, ಡೇಟಾಶೀಟಲ್ಲಿ ಒಂದು ಸಾಲು ಹಾಕ್ದೇ ಇರೋದು ತಪ್ಪು. ಆಮೇಲೆ ಡ್ರೈವರ್ ಬರೆಯೋರು ಬೇರೆ ಫೈಲಿಂದ 64 ಬಿಟ್ ಮಾಸ್ಕ್ ಕಾಪಿ ಹೊಡೀತಾರೆ, 2 ಜಿಬಿ ಬೋರ್ಡಲ್ಲಿ ಟೆಸ್ಟ್ ಪಾಸು, ಕಸ್ಟಮರ್ ಹತ್ರ 8 ಜಿಬಿ ಬೋರ್ಡಲ್ಲಿ ಡೇಟಾ ಕರಪ್ಟು, ಬೈಸ್ಕೊಳ್ಳೋದು ಮಾತ್ರ ಕರ್ನಲ್ ಟೀಮು. ಡ್ರೈವರ್ ಬರೀತಿರೋರು ಜಾಸ್ತಿ ರ್ಯಾಮ್ ಇರೋ ಬೋರ್ಡಲ್ಲೊಮ್ಮೆ ಓಡಿಸಿ, ಜೊತೆಗೆ ಕರ್ನಲ್ ಕಮಾಂಡ್ ಲೈನಲ್ಲಿ swiotlb=force (ಬೌನ್ಸ್ ಬಫರನ್ನ ಬಲವಂತವಾಗಿ ಬಳಸೋ ಆಯ್ಕೆ) ಹಾಕಿ ಬೂಟ್ ಮಾಡಿ ನೋಡಿ, ಎಲ್ಲ ಡಿಎಂಎನೂ ಬೌನ್ಸ್ ಆಗತ್ತೆ, ಪಿಸಿಲಿ ಯಾರ ಕಣ್ಣಿಗೂ ಬೀಳದೇ ಇದ್ದ ಸಿಂಕ್ ಕಾಲ್ (ಸಿಪಿಯು, ಡಿವೈಸು ಎರಡಕ್ಕೂ ಒಂದೇ ಡೇಟಾ ಕಾಣೋ ಹಾಗೆ ಮಾಡೋ ಕರೆ) ಬಿಟ್ಟುಹೋಗಿರೋ ಜಾಗಗಳೂ ಆಗ ಸಿಕ್ಕಿಬೀಳ್ತವೆ.