ತಳ್ಳಿದವರು ಯಾರು?

ಇವತ್ತು ಬೆಳಿಗ್ಗೆ ಆರೂವರೆಗೆ ಚೀಲ ಹಿಡಿದು ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಇಳಿದವನು ಮನೆಗೆ ಮರಳಿದ್ದು ಎಂಟು ಗಂಟೆಗೆ, ಬರಿಗೈಯಲ್ಲಿ. ಸೊಗಡಿನ ಅವರೆಕಾಯಿ ತರುತ್ತೇನೆ ಎಂದು ಹೇಳಿ ಹೋಗಿದ್ದೆ. ಹಿತಕಿದ ಬೇಳೆಯ ಸಾರಿನ ಕನಸು ಕಾಣುತ್ತಿದ್ದ ಹೆಂಡತಿ ಈಗ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಆದ್ದರಿಂದ ನಿಮ್ಮೊಡನೆ ಮಾತಾಡುತ್ತಿದ್ದೇನೆ. ಸಿಟ್ಟಿನಲ್ಲಿ ಬರೆಯುತ್ತಿರುವುದರಿಂದ ಉದ್ದವಾಗುತ್ತದೆ, ಪುರುಸೊತ್ತಿಲ್ಲದವರು ಮುಂದಕ್ಕೆ ಹೋಗಬಹುದು.

ಕೆಳಗೆ ನಾಲ್ವರು ನಿಂತಿದ್ದರು. ಹೊಸ ಕಾರುಗಳಿಗೆ ಒರಗಿಕೊಂಡು, ಕೈಯಲ್ಲಿ ಉಕ್ಕಿನ ಲೋಟ, ತಲೆಗೆ ಮಂಕಿ ಟೋಪಿ. ಮೊಬೈಲು 15 ಡಿಗ್ರಿ ತೋರಿಸುತ್ತಿತ್ತು. ಬೆಂಗಳೂರಿನಲ್ಲಿ 15 ಡಿಗ್ರಿ ಎಂದರೆ ಸಾಕು, ಎಲ್ಲರಿಗೂ ಅವರವರ ಊರು ನೆನಪಾಗುತ್ತದೆ. ಊರು ನೆನಪಾದರೆ ಊರಿನ ಚಳಿ, ಅದರ ಹಿಂದೆಯೇ ಮನೆಯ ಮೊದಲ ಕಾರು. ಒಬ್ಬರು ಸಕಲೇಶಪುರದ ಕಡೆಯವರು, ಒಬ್ಬರು ಬೀದರಿನವರು, ಒಬ್ಬರು ಹಿಮಾಚಲದವರು. ನಾಲ್ಕನೆಯವರು ಮಂಡ್ಯದವರಾದರೂ ಹದಿನಾಲ್ಕು ವರ್ಷ ಅಮೆರಿಕದ ಮಿನ್ನೆಸೋಟದಲ್ಲಿದ್ದು ಬಂದವರು. ನನ್ನನ್ನು ಕಂಡ ಕೂಡಲೇ, "ಬನ್ನಿ ಮೇಷ್ಟ್ರೇ, ನಿಮ್ಮದೂ ಮಲೆನಾಡಲ್ಲವೇ? ನೀವೇ ಹೇಳಿ, ಇದೂ ಒಂದು ಚಳಿಯೇ?" ಎಂದು ಎಳೆದುಕೊಂಡರು.

ನಾನು ಏನೂ ಹೇಳಲಿಲ್ಲ, ಕೇಳಿದೆ. ಅದೇ ತಪ್ಪಾಯಿತು.

ಸಕಲೇಶಪುರದವರು ಶುರು ಮಾಡಿದರು. "ನಮ್ಮ ಮನೆಯಲ್ಲಿ ಅಂಬಾಸಿಡರ್ ಇತ್ತು, ಮಾರ್ಕ್ 2. ಡಿಸೆಂಬರ್ ಬಂತೆಂದರೆ ಬೆಳಿಗ್ಗೆ ಹಂದುತ್ತಲೇ ಇರಲಿಲ್ಲ. ಆದರೆ ಏನು ಗಾಡಿ ಅಂತೀರಿ! ನಾಲ್ಕು ಹೆಜ್ಜೆ ತಳ್ಳಿದರೆ ಸಾಕು, ಸಿಂಹದ ಹಾಗೆ ಹೊರಡುತ್ತಿತ್ತು." 2014ರಲ್ಲಿ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತ ಸುದ್ದಿ ಓದಿ ಕಣ್ಣಲ್ಲಿ ನೀರು ಬಂದಿತ್ತಂತೆ. ಬೀದರಿನವರು ಬಿಡುತ್ತಾರೆಯೇ? ಮಳೆ ನಿಂತು ಉತ್ತರದ ಗಾಳಿ ಬೀಸಿತೆಂದರೆ ರಾಜ್ಯದ ಹವಾಮಾನ ವರದಿಯಲ್ಲಿ ಅವರ ಊರಿಗೋ ವಿಜಯಪುರಕ್ಕೋ ಕನಿಷ್ಠ ಉಷ್ಣಾಂಶದ ಪಟ್ಟ, ಅದು ನಿಜವೇ. "ಐದು ಗಂಟೆಗೆ ಎದ್ದರೆ ಹಲ್ಲು ಕಟಕಟ. ಆದರೆ ಹಂಡೆಯಲ್ಲಿ ನೀರು ಮಾತ್ರ ಕಾದಿರುತ್ತಿತ್ತು, ಹೊಗೆಯ ವಾಸನೆಯ ನೀರು. ಈಗಿನ ಗೀಸರಿನಲ್ಲಿ ಆ ಸುಖ ಎಲ್ಲಿ?" ಎಂದರು.

ತಳ್ಳಿದರೆ ಸಾಕು. ನೀರು ಕಾದಿರುತ್ತಿತ್ತು.

ನನ್ನ ಕಸುಬು ನಿಮಗೆ ಗೊತ್ತು. ಇಪ್ಪತ್ತೊಂಬತ್ತು ವರ್ಷದಿಂದ ಹೈಸ್ಕೂಲಿನ ಮಕ್ಕಳಿಗೆ ಕರ್ತರಿ, ಕರ್ಮಣಿ ಪ್ರಯೋಗ ಹೇಳಿಕೊಡುತ್ತಿದ್ದೇನೆ. ವಾಕ್ಯ ಕಿವಿಗೆ ಬಿದ್ದರೆ ಮೊದಲು ಕರ್ತೃಪದ ಹುಡುಕುವ ರೋಗ ಅಂಟಿದೆ. ತಳ್ಳಿದರೆ ಸಾಕು ಎಂದಿರಿ, ಸರಿ. ತಳ್ಳಿದವರು ಯಾರು? ನೀರು ಕಾದಿರುತ್ತಿತ್ತು, ಹೌದು. ಕಾಯಿಸಿದವರು ಯಾರು? ಹಂಡೆ ತಾನೇ ಎದ್ದು ಬಾವಿಗೆ ಹೋಗಿ, ತಾನೇ ನೀರು ಸೇದಿಕೊಂಡು ಬಂದು, ತಾನೇ ಹಸಿ ಸೌದೆಗೆ ಊದುಕೊಳವೆ ಹಿಡಿದು ಕೆಮ್ಮುತ್ತಾ ಕೂರುತ್ತಿತ್ತೇ? ಕರ್ಮಣಿ ಪ್ರಯೋಗವೇ ವಾಸಿ. ಅಲ್ಲಿ ಕರ್ತೃ ತೃತೀಯಾ ವಿಭಕ್ತಿ ಹಚ್ಚಿಕೊಂಡಾದರೂ ಬಾಗಿಲ ಬಳಿ ನಿಂತಿರುತ್ತಾನೆ. ಇವರ ನೆನಪಿನಲ್ಲಿ ಅವನಿಗೆ ಆ ಜಾಗವೂ ಇಲ್ಲ.

ಈ ಸಿಟ್ಟು ಎಲ್ಲಿಂದ ಬರುತ್ತದೆ ಎಂಬುದು ನನ್ನ ಹಳೆಯ ಸ್ನೇಹಿತರಿಗೆ ಗೊತ್ತು, ಹೊಸಬರಿಗಾಗಿ ಹೇಳುತ್ತೇನೆ. ನಮ್ಮ ಮನೆಯ ಮುಂದೆಯೂ ಅಂಬಾಸಿಡರ್ ನಿಲ್ಲುತ್ತಿತ್ತು. ಬಾಳೆಹೊನ್ನೂರಿನ ಆಚೆ, ಕಾಫಿ ತೋಟದ ಮೂಲೆಯಲ್ಲಿ, ಎರಡು ಕೋಣೆಯ ನಮ್ಮ ಮನೆಗೆ ಒತ್ತಿಕೊಂಡೇ ಅದರ ಶೆಡ್ಡು. ಕಾರಿನ ಶೆಡ್ಡಿಗೆ ಮಂಗಳೂರು ಹೆಂಚು, ನಮ್ಮ ಮನೆಗೆ ತಗಡು. ಏಕೆಂದರೆ ಕಾರು ಸಾಹುಕಾರರದ್ದು, ನಾವು ಡ್ರೈವರನ ಸಂಸಾರ.

ಚಳಿಯಲ್ಲಿ ಆ ಕಾರು ಏಕೆ ಹಂದುತ್ತಿರಲಿಲ್ಲ ಎಂಬುದು ಸಿಂಹದ ಕಥೆ ಹೇಳುವವರಿಗೆ ಗೊತ್ತಿರಲಾರದು. ಎಂಜಿನ್ ಎಣ್ಣೆ ಮಂದವಾಗಿ ಎಂಜಿನ್ ತಿರುಗುವುದೇ ಭಾರವಾಗುತ್ತದೆ. ಅದೇ ಹೊತ್ತಿಗೆ ಬ್ಯಾಟರಿಯ ಶಕ್ತಿಯೂ ಕುಗ್ಗಿರುತ್ತದೆ. ಕಾರ್ಬೊರೇಟರಿನಲ್ಲಿ ಪೆಟ್ರೋಲು ಸರಿಯಾಗಿ ಆವಿಯಾಗುವುದಿಲ್ಲ. ಮೂರು ಕಷ್ಟ ಒಂದೇ ಮುಂಜಾನೆ ಬಂದು ಕೂರುತ್ತವೆ. ಅಪ್ಪ ರಾತ್ರಿಯೇ ಬ್ಯಾಟರಿ ಬಿಚ್ಚಿ ತಂದು ಬಚ್ಚಲೊಲೆಯಿಂದ ಒಂದು ಮಾರು ದೂರದಲ್ಲಿ, ಗೋಣಿಯ ಮೇಲೆ ಇಡುತ್ತಿದ್ದರು. ನಮಗೆ ಒಂದು ಕಂಬಳಿಯಲ್ಲಿ ಮೂವರು, ಬ್ಯಾಟರಿಗೆ ಒಂಟಿ ಗೋಣಿ. ನಾಲ್ಕು ಗಂಟೆಗೆ ಅಮ್ಮ ಒಲೆ ಉರಿ ಹಾಕುತ್ತಿದ್ದಳು. ಹಂಡೆಯ ಮೊದಲ ಬಿಂದಿಗೆ ನೀರು ಮಕ್ಕಳಿಗಲ್ಲ, ಕಾರಿಗೆ. ಅಪ್ಪ ಅದನ್ನು ರೇಡಿಯೇಟರಿಗೆ ನಿಧಾನವಾಗಿ ಹೊಯ್ಯುತ್ತಿದ್ದರು. ಬಾನೆಟ್ಟಿನಿಂದ ಆವಿ ಏಳುತ್ತಿತ್ತು. ಆಮೇಲೆ ಚೋಕ್ ಎಳೆಯುವುದು, ಬಂಪರಿನ ತೂತಿನಲ್ಲಿ ಹ್ಯಾಂಡಲ್ ತೂರಿಸಿ ತಿರುಗಿಸುವುದು.

ಆ ಹ್ಯಾಂಡಲ್ ಹಿಡಿಯುವುದಕ್ಕೂ ಒಂದು ಕ್ರಮವಿದೆ. ಹೆಬ್ಬೆರಳನ್ನು ಹಿಡಿಯ ಸುತ್ತ ಮಡಚಬಾರದು, ಉಳಿದ ನಾಲ್ಕು ಬೆರಳುಗಳ ಜೊತೆಗೇ ಒಂದೇ ಕಡೆ ಇಡಬೇಕು. ಎಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ಕೈಯಿಂದ ಜಾರಿ ಹೋಗಬೇಕು. ಮಡಚಿದ್ದರೆ ಬೆರಳು ಮುರಿಯುತ್ತದೆ, ಕೆಲವೊಮ್ಮೆ ಮಣಿಕಟ್ಟೇ ಹೋಗುತ್ತದೆ.

ಹ್ಯಾಂಡಲಿಗೂ ಬಗ್ಗದಿದ್ದರೆ ತಳ್ಳುವುದು. ಕಾಫಿ ಕೊಯ್ಲಿನ ದಿನಗಳಲ್ಲಿ ಲೈನ್ ಮನೆಯ ಆಳುಗಳು ರೈಟರಿಗೆ, ಅಂದರೆ ತೋಟದ ಗುಮಾಸ್ತರಿಗೆ, ಹಾಜರಿ ಕೊಡಲು ಆ ದಾರಿಯಲ್ಲೇ ಬರುತ್ತಿದ್ದರು. ಹೆಂಗಸರು ಸೊಂಟಕ್ಕೆ ಗೋಣಿತಟ್ಟು ಕಟ್ಟಿಕೊಂಡಿರುತ್ತಿದ್ದರು, ಇಬ್ಬನಿ ತುಂಬಿದ ಗಿಡಗಳ ನಡುವೆ ನುಗ್ಗಿ ಹಣ್ಣು ಕೊಯ್ಯಬೇಕಲ್ಲ. ನಾಲ್ಕೈದು ಜನ ಹಿಂದಿನಿಂದ ಕೈ ಕೊಟ್ಟು ಇಳಿಜಾರಿನವರೆಗೆ ನೂಕುತ್ತಿದ್ದರು. ಕಾರು ಹೊರಟ ಮೇಲೆ ಸಾಹುಕಾರರು ಕಾಫಿ ಕುಡಿದು, ಮಫ್ಲರ್ ಸುತ್ತಿಕೊಂಡು ಬಂದು ಕೂರುತ್ತಿದ್ದರು. ಬೆಳೆದ ಕಾಫಿಯೆಲ್ಲ ಕಾಫಿ ಬೋರ್ಡಿನ ಪೂಲಿಗೇ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಬೋರ್ಡೇ ಮಾರುವ ರಾಶಿಗೇ, ಹೋಗಬೇಕಿದ್ದ ಕಾಲ ಅದು. ಆಲ್ದೂರಿನ ಮೇಲೆ ಚಿಕ್ಕಮಗಳೂರಿಗೆ ಸಾಹುಕಾರರಿಗೆ ಮುಗಿಯದ ಓಡಾಟ. ಅವರ ಮಕ್ಕಳೂ ಈಗ ಎಲ್ಲೋ ಒಂದು ನೆಲಮಾಳಿಗೆಯಲ್ಲಿ ನಿಂತು, ತಳ್ಳಿದರೆ ಸಾಕು ಎನ್ನುತ್ತಿರಬಹುದು.

ಈಗ ನೀವು ಹೇಳುವುದು ನನಗೆ ಗೊತ್ತು. ನನ್ನ ಗೆಳೆಯನೊಬ್ಬ ಫೋನಿನಲ್ಲಿ ಆಗಲೇ ಹೇಳಿಯೂ ಆಯಿತು. "ಭಾನುವಾರ ಬೆಳಿಗ್ಗೆ ನಾಲ್ಕು ಜನ ನಿಂತು ಹಳೆಯದನ್ನು ನೆನೆದರೆ ನಿನ್ನ ಗಂಟೇನು ಹೋಯಿತು? ಚಳಿ ಎಲ್ಲರಿಗೂ ಒಂದೇ. ಆಗ ಬೆಂಗಳೂರಿನಲ್ಲೂ ಎಂಥ ಚಳಿ ಇತ್ತು!" ಇದ್ದಿರಬಹುದು. ಈ ಊರಿನ ದಾಖಲೆ 7.8 ಡಿಗ್ರಿ, 1884ರ ಜನವರಿ 13ರಂದು. ನಮ್ಮ ನೆಲಮಾಳಿಗೆಯಲ್ಲಿ ಅದನ್ನು ಕಂಡವರು ಯಾರೂ ಇರಲಿಲ್ಲ. ಇನ್ನು ಚಳಿ ಎಲ್ಲರಿಗೂ ಒಂದೇ ಎಂಬ ಮಾತು. ರಗ್ಗಿನೊಳಗಿನಿಂದ ನೋಡಿದರೆ ಒಂದೇ. ಗೆಳೆಯನಿಗೆ ಇಷ್ಟು ಹೇಳಿ ಫೋನ್ ಇಟ್ಟೆ.

ಮತ್ತೆ ಬೆಳಗಿನ ನೆಲಮಾಳಿಗೆಗೆ ಬರುತ್ತೇನೆ. ನಾವು ಮಾತಾಡುತ್ತಿರುವಾಗಲೇ ಅಲ್ಲಿ ಇನ್ನೊಂದು ನಾಟಕ. ಮೂಲೆಯಲ್ಲಿ ಒಂದು ಕಾರು ಒಳಗೆ ಯಾರೂ ಇಲ್ಲದೆ ತಾನೇ ಗುರ್ ಎಂದಿತು. ಮಾಲೀಕರು ಏಳನೆಯ ಮಹಡಿಯಲ್ಲಿ ಹಾಸಿಗೆಯಿಂದಲೇ ಮೊಬೈಲ್ ಒತ್ತಿ ಎಂಜಿನ್ ಬಿಸಿ ಮಾಡುತ್ತಿದ್ದಾರೆ. ಹತ್ತು ನಿಮಿಷ ಅದು ಹೊಗೆ ಕಾರುತ್ತಾ ನಿಂತಿತ್ತು. ಸ್ವಾಮಿ, ಈಗಿನ ಎಂಜಿನ್ನುಗಳಿಗೆ ಕಾರ್ಬೊರೇಟರೂ ಇಲ್ಲ, ಚೋಕೂ ಇಲ್ಲ. ಅರ್ಧ ನಿಮಿಷ ಬಿಟ್ಟು ಮೆತ್ತಗೆ ಓಡಿಸಿದರೆ ಓಡುತ್ತಲೇ ಬಿಸಿಯಾಗುತ್ತದೆ. ಗಾಳಿಯಾಡದ ನೆಲಮಾಳಿಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿಸುವುದಕ್ಕೆ ಇಷ್ಟು ತಂತ್ರಜ್ಞಾನ ಬೇಕಿತ್ತೇ? ಆ ಹೊಗೆಯ ಪಕ್ಕದಲ್ಲೇ ಕಾರು ತೊಳೆಯುವ ಹುಡುಗ ಐದು ಗಂಟೆಯಿಂದ ಬಕೆಟ್ಟಿಗೆ ಕೈ ಅದ್ದಿ ಬಟ್ಟೆ ಹಿಂಡುತ್ತಿದ್ದ. ಬೆರಳ ತುದಿಗಳು ನೆನೆದ ಕಡಲೆಯಂತೆ ಸುಕ್ಕುಗಟ್ಟಿದ್ದವು. ಹತ್ತಿರ ಬಂದು, "ಸ್ವಲ್ಪ ಸರಿದುಕೊಳ್ಳಿ ಸಾರ್, ಈ ಬಾಗಿಲು ಒಂದು ಉಳಿದಿದೆ" ಎಂದ. ಸಕಲೇಶಪುರದವರು ಮಾತು ನಿಲ್ಲಿಸದೆಯೇ ಒಂದು ಹೆಜ್ಜೆ ಸರಿದರು. ನಾಳೆ ಇವರ ಮಗ ಯಾರಿಗೋ ಹೇಳುತ್ತಾನೆ: ನಮ್ಮ ಕಾರು ಬೆಳಿಗ್ಗೆ ಯಾವಾಗಲೂ ಫಳಫಳ ಎನ್ನುತ್ತಿತ್ತು.

ಹಿಮಾಚಲದವರು ಹೆಚ್ಚು ಮಾತಾಡಲಿಲ್ಲ. ಮನಾಲಿಯ ಆಚೆ ಡೀಸೆಲ್ಲು ಮೇಣದಂತೆ ಗಟ್ಟಿಯಾಗುತ್ತದೆ, ಲಾರಿಯವರು ಟ್ಯಾಂಕಿನ ಕೆಳಗೇ ಬೆಂಕಿ ಹಾಕುತ್ತಿದ್ದರು, ಲಡಾಖಿಗೆಂದು ಮೈನಸ್ 33 ಡಿಗ್ರಿಯವರೆಗೂ ಹೆಪ್ಪುಗಟ್ಟದ ಡೀಸೆಲ್ ಬಂದದ್ದೇ 2019ರಲ್ಲಿ ಎಂದು ತಮ್ಮ ಹರಕು ಕನ್ನಡದಲ್ಲಿ ಹೇಳಿ ಸುಮ್ಮನಾದರು. ಲಾರಿಯವರು ಎಂದರಲ್ಲ, ಅಷ್ಟು ಸಾಕು ನನಗೆ.

ನನ್ನ ಮನಸ್ಸು ಗೆದ್ದವರು ಮಿನ್ನೆಸೋಟದವರು. ಅಮೆರಿಕದಿಂದ ಬಂದವರೆಂದರೆ ನನಗೆ ಮೊದಲೇ ಒಂದು ತಾತ್ಸಾರ, ಒಪ್ಪಿಕೊಳ್ಳುತ್ತೇನೆ. ಆದರೆ ಅವರ ಮಾತು ಕೇಳಿ. "ರಾತ್ರಿ ನಾನು ಕಾರಿನ ಎಂಜಿನ್ ಹೀಟರಿಗೆ ವೈರ್ ಸಿಕ್ಕಿಸಿ ಮಲಗುತ್ತಿದ್ದೆ. ಬೆಳಿಗ್ಗೆ ನಾನು ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದೆ, ನನ್ನ ಹೆಂಡತಿ ಸಲಿಕೆ ಹಿಡಿದು ದಾರಿ ಬಿಡಿಸುತ್ತಿದ್ದಳು. ಒಂದು ಸಲ ಕಾರು ಹಿಮದಲ್ಲಿ ಹೂತು, ಪಕ್ಕದ ಮನೆಯ ಸೊಮಾಲಿಯಾದ ಮುದುಕರು ಬಂದು ತಳ್ಳಿದರು." ನಾನು! ಹೆಂಡತಿ! ಮುದುಕರು! ಪ್ರತಿ ವಾಕ್ಯಕ್ಕೂ ಕರ್ತೃಪದ. ಹತ್ತಕ್ಕೆ ಹತ್ತು ಅಂಕ. ಆಳುಕಾಳು ಇಲ್ಲದ ದೇಶದಲ್ಲಿ ವ್ಯಾಕರಣ ತಾನಾಗಿಯೇ ಸರಿಹೋಗುತ್ತದೆಯೋ ಏನೋ.

ಅಷ್ಟಕ್ಕೆ ಸುಮ್ಮನಿರದೆ ನಾನು ಬಾಯಿ ತೆರೆದೆ. ಸಕಲೇಶಪುರದವರನ್ನು ನೇರವಾಗಿಯೇ ಕೇಳಿದೆ. "ತಳ್ಳುತ್ತಿದ್ದವರು ಯಾರು ಸಾರ್?" ಅವರು ಒಂದು ಗಳಿಗೆ ನನ್ನನ್ನೇ ನೋಡಿ, "ಯಾರೋ ಇರುತ್ತಿದ್ದರು ಮೇಷ್ಟ್ರೇ. ನಾನಾಗ ಮಲಗಿರುತ್ತಿದ್ದೆನಲ್ಲ" ಎಂದು ನಕ್ಕರು. ಕಪಟವಿಲ್ಲದ ನಗು. ನನಗೆ ಮೈ ಉರಿಯಿತು. ಬಾಯಿಗೆ ಬಂದದ್ದನ್ನು ಅಂದೆ. ಏನೆಂದು ಬೇಡ. ನಾಳೆ ಲಿಫ್ಟಿನಲ್ಲಿ ಅವರ ಮುಖ ನೋಡುವುದು ಕಷ್ಟವಿದೆ.

ಇದನ್ನು ಬರೆಯುತ್ತಾ ಬರೆಯುತ್ತಾ ಒಂದು ವಿಷಯವನ್ನು ಬಿಟ್ಟುಕೊಂಡು ಬಂದಿದ್ದೇನೆ. ಹೇಳಿಯೇ ಬಿಡುತ್ತೇನೆ.

1981ರ ಸಂಕ್ರಾಂತಿಯ ದಿನ. ತೋಟಕ್ಕೆ ರಜೆ, ಆಳುಗಳು ಯಾರೂ ಆ ದಾರಿಗೆ ಬರಲಿಲ್ಲ. ಸಾಹುಕಾರರ ಮನೆಯವರು ಶೃಂಗೇರಿಗೆ ಹೊರಡಬೇಕಿತ್ತು. ನನಗೆ ಹನ್ನೊಂದು ವರ್ಷ. ಹೊರಗಿನಿಂದ ಅಪ್ಪ ಎರಡು ಸಲ ಕೂಗಿದರು. "ಎದ್ದು ಬಾರೋ, ಸ್ವಲ್ಪ ಕೈ ಹಾಕು." ನನಗೆ ಎಚ್ಚರವಿತ್ತು. ಕಂಬಳಿಯೊಳಗೆ ಉಸಿರು ಬಿಗಿಹಿಡಿದು ಮಲಗಿದ್ದೆ. ಚಳಿ ಒಂದು ನೆಪ. ಸಾಹುಕಾರರ ಮಗ ನನ್ನದೇ ತರಗತಿಯವನು. ಅವನು ಕಿಟಕಿಯಿಂದ ನೋಡುತ್ತಿರುವಾಗ ಅವನ ಕಾರು ತಳ್ಳಲು ನನಗೆ ನಾಚಿಕೆಯಾಗುತ್ತಿತ್ತು. ಮೂರನೆಯ ಸಲ ಅಪ್ಪ ಕೂಗಲಿಲ್ಲ. ಹ್ಯಾಂಡಲ್ ಕರಕರ ತಿರುಗುವ ಸದ್ದು ಕೇಳಿತು, ಆಮೇಲೆ ಅಮ್ಮ ಬಿಂದಿಗೆ ಕೆಳಗೆ ಹಾಕಿ ಓಡಿದ ಸದ್ದು. ಹಿಡಿಯುವ ಕ್ರಮವನ್ನು ಊರಿಗೆಲ್ಲ ಹೇಳಿಕೊಡುತ್ತಿದ್ದ ಅಪ್ಪ, ಆ ದಿನ ಅವಸರದಲ್ಲಿ ಹೆಬ್ಬೆರಳು ಮಡಚಿದ್ದರು. ಇವತ್ತಿಗೂ ಅವರ ಬಲಗೈ ಹೆಬ್ಬೆರಳು ಹೊರಕ್ಕೆ ವಾಲಿದೆ. ಲೋಟ ಹಿಡಿಯುವಾಗ ಕಾಣುತ್ತದೆ.

ಅಪ್ಪ ಈಗ ಚಿಕ್ಕಮಗಳೂರಿನಲ್ಲಿ ಅಕ್ಕನ ಮನೆಯಲ್ಲಿದ್ದಾರೆ. ಎಂಬತ್ತನಾಲ್ಕು ವರ್ಷ, ಕಿವಿ ಸ್ವಲ್ಪ ಮಂದ. ಅವರೆಕಾಯಿ ಇಲ್ಲದೆ ಮನೆಗೆ ಬಂದು, ಬೈಸಿಕೊಂಡು, ಅವರಿಗೆ ಫೋನ್ ಮಾಡಿದೆ. ಚಳಿ ಹೇಗಿದೆ, ಸ್ವೆಟರ್ ಹಾಕಿಕೊಂಡಿದ್ದೀರಾ ಎಂದೆಲ್ಲ ಕೇಳಿ, ಮೆಲ್ಲಗೆ ಅಂಬಾಸಿಡರಿನ ಮಾತು ತೆಗೆದೆ. ನಿಜ ಹೇಳಬೇಕೆಂದರೆ ಅವರ ಬಾಯಿಂದ ಒಂದಿಷ್ಟು ಸಿಟ್ಟು ಹೊರಡಿಸುವುದು ನನ್ನ ಉದ್ದೇಶ. ಈ ಬರಹಕ್ಕೆ ಸಾಕ್ಷಿ ಬೇಕಿತ್ತಲ್ಲ.

"ಅಪ್ಪ, ಚಳಿಗಾಲದಲ್ಲಿ ಆ ಕಾರು ಎಷ್ಟು ಗೋಳು ಹೊಯ್ದುಕೊಳ್ಳುತ್ತಿತ್ತಲ್ಲ?"

"ಗೋಳೇ? ಎಂಥ ಗೋಳು ಮಾರಾಯ! ಎಂಥ ಗಾಡಿ ಅದು! ನಾಲ್ಕು ಹೆಜ್ಜೆ ತಳ್ಳಿದರೆ ಸಾಕು, ಹೊರಡುತ್ತಿತ್ತು."

ನಾನು ಫೋನ್ ಹಿಡಿದುಕೊಂಡು ಸುಮ್ಮನೆ ಕುಳಿತೆ. ಆ ಕಡೆ ಅವರ ದನಿ ಏರುತ್ತಲೇ ಇತ್ತು. "ಆದರೆ ಎರಡನೆಯ ಗೇರಿನಲ್ಲಿ ಕಣೋ. ಮೊದಲನೆಯದರಲ್ಲಿ ಕ್ಲಚ್ ಬಿಟ್ಟರೆ ಚಕ್ರ ಕಚ್ಚಿಕೊಳ್ಳುತ್ತದೆ. ಎರಡನೆಯದು. ಕೇಳಿಸುತ್ತಿದೆಯೇ? ಎರಡನೆಯದು."