ಯಾರರ ಬೆನ್ನ ಹತ್ಯಾರೇನ್ರಿ?

ಕಾರಣ ಇಲ್ಲದೆ ಓಡುವುದನ್ನು ನಮ್ಮ ಬೆಳಗಾವಿ ಇನ್ನೂ ಪೂರ್ತಿ ಒಪ್ಪಿಕೊಂಡಿಲ್ಲ. ನಡೆಯಬಹುದು, ಅದಕ್ಕೆ ಅಡ್ಡಿಯಿಲ್ಲ. ವ್ಯಾಕ್ಸಿನ್ ಡಿಪೋದ ಮರಗಳ ಕೆಳಗೆ ಬೆಳಗ್ಗೆ ಬೇಕಾದಷ್ಟು ಜನ ನಡೆಯುತ್ತಾರೆ, ಯಾರೂ ಯಾರನ್ನೂ ಯಾಕೆ ಅಂತ ಕೇಳುವುದಿಲ್ಲ. ಶುಗರ್ ಇರಬೇಕು, ಬಿಪಿ ಇರಬೇಕು, ಇಲ್ಲಾ ಮನೆಯಲ್ಲಿ ಬೈದಿರಬೇಕು ಅಂತ ಅವರವರೇ ಅಂದುಕೊಂಡು ಸುಮ್ಮನಾಗುತ್ತಾರೆ. ಆದರೆ ನಲವತ್ತು ದಾಟಿದ, ಸಂಸಾರ ಇರುವ, ಕೈಯಲ್ಲಿ ಹಾಲಿನ ಪಾಕೀಟೂ ಇಲ್ಲದ ಮನುಷ್ಯ ಚಡ್ಡಿ ಹಾಕಿಕೊಂಡು ಹಿಂಡಲಗಾ ರಸ್ತೆಯಲ್ಲಿ ಏದುಸಿರು ಬಿಡುತ್ತಾ ಓಡುತ್ತಿದ್ದರೆ ಮಾತ್ರ ಚಹಾದಂಗಡಿಯವನು ಸ್ಟೋವಿಗೆ ಗಾಳಿ ಹಾಕುವುದನ್ನು ಬಿಟ್ಟು ನೋಡುತ್ತಾನೆ. "ಯಾಕ್ರಿ ಸರ, ಯಾರರ ಬೆನ್ನ ಹತ್ಯಾರೇನ್ರಿ?"

ಅವನ ತಪ್ಪಲ್ಲ. ನಮ್ಮೂರಲ್ಲಿ ಓಡುವವರಿಗೆ ಕಾರಣ ಇರುತ್ತದೆ. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಇರುವ ಊರು ಇದು. ಸುತ್ತಲಿನ ಹಳ್ಳಿಯ ಹುಡುಗರು ಕತ್ತಲಿರುವಾಗಲೇ ಎದ್ದು ಓಡುವುದು ಸೇನೆಯ ಭರ್ತಿಗಾಗಿ. ಅಗ್ನಿವೀರ್ ಭರ್ತಿಯಲ್ಲಿ 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನ ಒಳಗೆ ಮುಗಿಸಿದರೆ ಓಟದ ಪೂರ್ತಿ ಅಂಕ. ಕೆಲವರು ಬರಿಗಾಲಲ್ಲಿ, ಕೆಲವರು ಹರಿದ ಬೂಟಿನಲ್ಲಿ ನನ್ನ ಪಕ್ಕದಿಂದ ಗಾಳಿ ಬೀಸಿಕೊಂಡು ಹೋಗುತ್ತಾರೆ. ಅವರು ಗೆರೆ ಮುಟ್ಟುವ ಹೊತ್ತಿಗೆ ನಾನು ಸರಿಯಾಗಿ ಅರ್ಧ ದಾರಿಯಲ್ಲಿರುತ್ತೇನೆ. ನನ್ನ ಕಾಲಲ್ಲಿ ಮಾತ್ರ ಅವರೆಲ್ಲರ ಬೂಟು ಸೇರಿಸಿದರೂ ಆಗದಷ್ಟು ಬೆಲೆಯ ಬೂಟು. ಒಮ್ಮೆ ಒಬ್ಬ ಹುಡುಗ ನನ್ನ ಟೈಮಿಂಗ್ ಕೇಳಿದ. ಕಿಲೋಮೀಟರಿಗೆ ಏಳು ನಿಮಿಷ ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಇರ್ಲಿ ಬಿಡ್ರಿ ಅಂಕಲ್, ನಿಮಗೇನ್ ಭರ್ತಿ ಆಗೂದೈತಿ" ಅಂತ ಸಮಾಧಾನ ಹೇಳಿದ.

ಆರೋಗ್ಯಕ್ಕಾಗಿ ಓಡುತ್ತೇನೆ ಅಂತ ಹೇಳಿದರೆ ಎಲ್ಲರಿಗೂ ತೃಪ್ತಿ. ಆದರೆ ಅದು ಸುಳ್ಳು. ಆರೋಗ್ಯಕ್ಕೆ ಐದು ಕಿಲೋಮೀಟರ್ ಸಾಕು, ಅದೂ ಜಾಸ್ತಿಯೇ. ಮ್ಯಾರಥಾನಿನ 42.195 ಕಿಲೋಮೀಟರ್ ಓಡಿದವನ ಕಾಲಿನ ಉಗುರು ಕಪ್ಪಾಗುತ್ತದೆ, ಕೆಲವೊಮ್ಮೆ ಕಿತ್ತೇ ಬರುತ್ತದೆ. ಬನಿಯನ್ ಉಜ್ಜಿ ಎದೆಯಲ್ಲಿ ರಕ್ತ ಬರುತ್ತದೆ, ಅದಕ್ಕೆ ಓಟಕ್ಕೆ ಮುಂಚೆ ವ್ಯಾಸಲೀನ್ ಮೆತ್ತಿಕೊಳ್ಳಬೇಕು. ಮರುದಿನ ಮೆಟ್ಟಿಲು ಇಳಿಯಬೇಕೆಂದರೆ ಕಂಬಿ ಹಿಡಿದು, ಹಿಮ್ಮುಖವಾಗಿ, ಒಂದೊಂದೇ ಹೆಜ್ಜೆ. ಇದನ್ನು ನೋಡಿದ ಯಾರೂ ಆರೋಗ್ಯದ ಮಾತು ಎತ್ತುವುದಿಲ್ಲ. ನಾದ ಹತ್ತಿದೆ, ಹುಚ್ಚು ಹಿಡಿದಿದೆ, ಅಷ್ಟೇ.

ನಾನು ಓಡುವ ಮುಂಬೈ ಮ್ಯಾರಥಾನ್ ಜನವರಿಯಲ್ಲಿ. ಅಂದರೆ ತಯಾರಿ ಸೆಪ್ಟೆಂಬರಿನಲ್ಲೇ ಶುರುವಾಗಬೇಕು. ತಯಾರಿಯ ವೇಳಾಪಟ್ಟಿ ಬರೆಯುವವರು ಬೆಳಗಾವಿಯ ಮಳೆ ನೋಡಿದವರಲ್ಲ ಅಂತ ನನಗೆ ಖಾತ್ರಿ. ಜೂನಿನಲ್ಲಿ ಹಿಡಿದ ಮಳೆ ಸೆಪ್ಟೆಂಬರಿನಲ್ಲೂ ಹೊರಡುವ ಮಾತಾಡುವುದಿಲ್ಲ. ಟಿಳಕವಾಡಿಯ ರೈಲ್ವೆ ಗೇಟು ದಾಟುವುದರೊಳಗೆ ಬೂಟಿನಲ್ಲಿ ನೀರು ಪಚಪಚ ಅನ್ನುತ್ತದೆ. ಮನೆಗೆ ಬಂದು ಬೂಟಿನ ಒಳಗಿನ ಅಟ್ಟೆ ಕಿತ್ತು, ಹಳೆಯ ಪೇಪರ್ ಉಂಡೆ ಮಾಡಿ ತುರುಕಿ, ಫ್ರಿಜ್ ಹಿಂದೆ ಬಿಸಿ ಗಾಳಿ ಬರುವ ಕಡೆ ಇಡಬೇಕು. ಎರಡು ತಾಸಿಗೊಮ್ಮೆ ಒದ್ದೆ ಪೇಪರ್ ತೆಗೆದು ಒಣ ಪೇಪರ್ ತುಂಬಬೇಕು. ಇಷ್ಟು ಸೇವೆ ನಾನು ಬೇರೆ ಯಾರಿಗೂ ಮಾಡಿಲ್ಲ ಅಂತ ನನ್ನ ಹೆಂಡತಿ ಹೇಳುತ್ತಾಳೆ, ಅದರಲ್ಲಿ ಸತ್ಯ ಇದೆ. ಮರುದಿನ ಬೆಳಗ್ಗೆ ಸಾಕ್ಸ್ ಮೇಲೆ ಪೇಪರಿನ ಮಸಿ ಅಂಟಿರುತ್ತದೆ, ಬೂಟು ಮಾತ್ರ ಇನ್ನೂ ತಂಪಾಗಿಯೇ ಇರುತ್ತದೆ.

ಹೊರಗಿನವರಿಗೆ ಗೊತ್ತಿಲ್ಲದ ಒಂದು ವಿಷಯ ಏನಂದ್ರೆ, ದೂರದ ಓಟದ ತಯಾರಿಯಲ್ಲಿ ಹೆಚ್ಚಿನ ದಿನ ನಿಧಾನವಾಗಿಯೇ ಓಡಬೇಕು. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಬರಬೇಕು, ಬರದಿದ್ದರೆ ವೇಗ ಜಾಸ್ತಿ ಆಯಿತು ಅಂತ ಅರ್ಥ. ಉದ್ದದ ಓಟ ಭಾನುವಾರಕ್ಕೆ. ನಾನು ಯಳ್ಳೂರಿನ ಕಡೆ ಹೊರಟು ರಾಜಹಂಸಗಡದ ಏರು ಹತ್ತುತ್ತೇನೆ. ನವೆಂಬರ್ ಬಂತೆಂದರೆ ಕಬ್ಬಿನ ಹಂಗಾಮು. ಎರಡೆರಡು ಟ್ರಾಲಿ ಹಿಂದೆ ಕಟ್ಟಿಕೊಂಡು, ಹಾಡು ಜೋರಾಗಿ ಹಾಕಿಕೊಂಡು ಟ್ರ್ಯಾಕ್ಟರುಗಳು ಕಾರ್ಖಾನೆಗೆ ಹೋಗುತ್ತಿರುತ್ತವೆ. ಸಪಾಟು ರಸ್ತೆಯಲ್ಲಿ ಅವು ನನ್ನನ್ನು ಹಿಂದೆ ಹಾಕುತ್ತವೆ. ಏರಿನಲ್ಲಿ ನಾನು ಅವನ್ನು ಹಿಂದೆ ಹಾಕುತ್ತೇನೆ. ನನ್ನ ಓಟದ ಬದುಕಿನಲ್ಲಿ ನಾನು ಓವರ್‌ಟೇಕ್ ಮಾಡಿದ ವಾಹನ ಅದೊಂದೇ, ಅದಕ್ಕೆ ಆ ಏರಿನ ಮೇಲೆ ನನಗೆ ಪ್ರೀತಿ. ಸ್ಟೇರಿಂಗ್ ಹಿಡಿದ ಹುಡುಗ ಒಮ್ಮೆ ಒಂದು ಜಲ್ಲೆ ಮುರಿದು ಚಾಚಿದ. ಓಡುತ್ತಲೇ ಇಸಕೊಂಡು ಹಲ್ಲಿನಿಂದ ಸಿಪ್ಪೆ ಸುಲಿಯಲು ಹೋದೆ. ಬೇಡ, ಅದನ್ನು ಯಾರಿಗೂ ಶಿಫಾರಸು ಮಾಡುವುದಿಲ್ಲ.

ತಿನ್ನುವ ವಿಷಯಕ್ಕೆ ಬಂದರೆ ಇಲ್ಲಿ ನನಗೆ ಗಟ್ಟಿ ಅಭಿಪ್ರಾಯಗಳಿವೆ. ಮೈ ಸಕ್ಕರೆಯ ಅಂಶವನ್ನು ಗ್ಲೈಕೋಜನ್ ಅಂತ ಸ್ನಾಯುಗಳಲ್ಲೂ ಲಿವರಿನಲ್ಲೂ ಕೂಡಿಡುತ್ತದೆ. ಏನೂ ತಿನ್ನದೆ ಓಡಿದರೆ ಅದು ಹೆಚ್ಚುಕಡಿಮೆ 30 ಕಿಲೋಮೀಟರಿಗೆ ತೀರುತ್ತದೆ. ಅದಕ್ಕೆ ಓಟಗಾರರು ಎನರ್ಜಿ ಜೆಲ್ ಎಂಬ ಸಣ್ಣ ಪಾಕೀಟು ಹಿಂಡಿ ನುಂಗುತ್ತಾರೆ. ರುಚಿ ಬಾಲ್ಯದ ಕೆಮ್ಮಿನ ಔಷಧದ್ದು, ಬೆಲೆ ಒಂದು ಊಟದ್ದು. ಪಕ್ಕದಲ್ಲೇ ಗೋಕಾಕ ಇರುವಾಗ ನಾನ್ಯಾಕೆ ಅದನ್ನು ತಿನ್ನಲಿ? ಅಲ್ಲಿಯ ಕರದಂಟಿನಲ್ಲಿ ಬೆಲ್ಲ ಇದೆ, ಒಣ ಕೊಬ್ಬರಿ ಇದೆ, ಗೋಡಂಬಿ ಬಾದಾಮಿ ಇದೆ, ಅಂಟು ಇದೆ. ತೊಂದರೆ ಇರುವುದು ಆ ಅಂಟಿನಲ್ಲೇ. ಕೂತು ತಿನ್ನುವಾಗ ಅದು ಸುಖ. ಓಡುವಾಗ ಬಾಯಿ ಮುಚ್ಚಿ ಅಗಿಯಬೇಕು, ಬಾಯಿ ತೆರೆದು ಉಸಿರಾಡಬೇಕು, ಎರಡೂ ಒಟ್ಟಿಗೆ ಆಗುವುದಿಲ್ಲ. ಬೆಲ್ಲ ಕರಗಿ ಹೋದ ಮೇಲೂ ಒಂದು ಚೂರು ದವಡೆಗೆ ಕಚ್ಚಿಕೊಂಡು, ನಾಲಿಗೆ ಅದನ್ನು ಕೀಳುವ ಕೆಲಸದಲ್ಲಿ ಮುಳುಗಿ, ಎರಡು ಕಿಲೋಮೀಟರ್ ಕಳೆದದ್ದೇ ಗೊತ್ತಾಗುವುದಿಲ್ಲ. ಹಾಗೆ ನೋಡಿದರೆ ಈ ಲಾಭ ಯಾವ ಜೆಲ್ಲಿನಲ್ಲೂ ಇಲ್ಲ. ಈಗ ಕಡಲೆಕಾಳಿನಷ್ಟು ಸಣ್ಣ ಚೂರು ಮಾಡಿ ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ, ಬೆವರಿಗೆ ಜೇಬೂ ಅಂಟುತ್ತದೆ.

ಇನ್ನು ಓಡಿದ ದೂರ ಅಳೆಯುವ ಕೈಗಡಿಯಾರ. ಮನೆಯ ಗೇಟು ಮುಟ್ಟುವಾಗ 19.8 ಅಂತ ತೋರಿಸಿದರೆ ಒಳಗೆ ಹೋಗಲು ಮನಸ್ಸು ಬರುವುದಿಲ್ಲ, 20 ಆಗಲೇಬೇಕು. ಓಣಿಯಲ್ಲೇ ಆ ಕಡೆಯಿಂದ ಈ ಕಡೆ ಓಡಬೇಕು. ರಂಗೋಲಿ ಹಾಕುತ್ತಿರುವ ಹೆಂಗಸರು ಕೈ ನಿಲ್ಲಿಸುತ್ತಾರೆ, ಓಣಿಯ ನಾಯಿ ಎರಡು ಸುತ್ತು ಜೊತೆಗೆ ಬಂದು ಇದರಲ್ಲಿ ಏನೂ ಸಿಗುವುದಿಲ್ಲ ಅಂತ ಗೊತ್ತಾಗಿ ಮಲಗುತ್ತದೆ.

ಇಷ್ಟೆಲ್ಲ ಆದ ಮೇಲೆ ನಮ್ಮೂರಿಗೆ ಈ ಹುಚ್ಚು ಹೊಸದು ಅಂತೇನೂ ತಿಳಿಯಬೇಡಿ. 1920ರ ಆಂಟ್‌ವರ್ಪ್ ಒಲಿಂಪಿಕ್ಸಿನಲ್ಲಿ ಭಾರತದ ಪರ ಮ್ಯಾರಥಾನ್ ಓಡಿದ ಫಡೆಪ್ಪ ಚೌಗುಲೆ ಬೆಳಗಾವಿಯವರು. ಉದ್ಯಮಿ ದೊರಾಬ್ಜಿ ಟಾಟಾ ಅವರ ಮುತುವರ್ಜಿಯಿಂದ ಹೋದ ಸಣ್ಣ ತಂಡ ಅದು, ಪ್ರಯಾಣ ಹಡಗಿನಲ್ಲಿ. ಮ್ಯಾರಥಾನಿನ ಅಳತೆ 42.195 ಅಂತ ಗಟ್ಟಿಯಾದದ್ದು 1921ರಲ್ಲಿ. ಅದಕ್ಕೆ ಮುಂಚೆ ಒಂದೊಂದು ಊರಿನಲ್ಲಿ ಒಂದೊಂದು ಅಳತೆ, ಆಂಟ್‌ವರ್ಪಿನಲ್ಲಿ 42.75. ಅಷ್ಟು ದೂರವನ್ನು ಚೌಗುಲೆ 2 ಗಂಟೆ 50 ನಿಮಿಷದಲ್ಲಿ ಮುಗಿಸಿ 19ನೆಯವರಾದರು. ಕೈಗಡಿಯಾರ ದಾರಿ ಅಳೆಯುತ್ತಿರಲಿಲ್ಲ, ಬೂಟಿನ ಅಡಿ ಗಾಳಿ ತುಂಬಿದ ಫೋಮ್ ಇರಲಿಲ್ಲ. ಅವರು ಓಟ ಮುಗಿಸಿ, ಸ್ನಾನ ಮಾಡಿ, ಊಟ ಮಾಡಿ, ಒಂದು ನಿದ್ದೆ ತೆಗೆಯುವ ಹೊತ್ತಿಗೆ ನಾನು ಇನ್ನೂ ರಸ್ತೆಯಲ್ಲಿ ಕರದಂಟು ಅಗಿಯುತ್ತಿರುತ್ತೇನೆ. ಒಂದೇ ಊರಿನವರು ಅನ್ನುವ ಹೆಮ್ಮೆಗೆ ಇದರಿಂದೇನೂ ಕಡಿಮೆಯಿಲ್ಲ.

ಮುಂಬೈಯಲ್ಲಿ ಓಟ ಶುರುವಾಗುವಾಗ ಪೂರ್ತಿ ಕತ್ತಲು. ಸಿಎಸ್‌ಎಂಟಿ ರೈಲು ನಿಲ್ದಾಣದ ಎದುರು ಸಾವಿರಾರು ಜನ, ಎಲ್ಲರೂ ಹಣ ಕಟ್ಟಿ ಬಂದವರು. ಮೊದಲರ್ಧ ಓಡಿದ್ದು ನೆನಪಿರುವುದಿಲ್ಲ, ಅಷ್ಟು ಸುಲಭ. ಕೊನೆಯ ಭಾಗದಲ್ಲಿ, ಬಿಸಿಲೇರಿದ ಮೇಲೆ, ತೊಡೆ ಕಲ್ಲಾದ ಮೇಲೆ ಪೆಡರ್ ರೋಡಿನ ಏರು ಬರುತ್ತದೆ. ರಾಜಹಂಸಗಡ ಹತ್ತಿದವನಿಗೆ ಅದು ಏರೇ ಅಲ್ಲ, ಆದರೆ ಆ ಹೊತ್ತಿಗೆ ರಸ್ತೆಯ ಉಬ್ಬು ಕೂಡ ಗುಡ್ಡವೇ. ಫುಟ್‌ಪಾತಿನಲ್ಲಿ ನಿಂತ ಅಜ್ಜಿಯರು, ಮಕ್ಕಳು ತಟ್ಟೆ ಹಿಡಿದು ಕಿತ್ತಳೆ ತೊಳೆ, ಬಿಸ್ಕೀಟು, ಉಪ್ಪು ಚಾಚುತ್ತಾರೆ. ಇವರ್ಯಾರೂ ಯಾಕೆ ಓಡುತ್ತೀರಿ ಅಂತ ಕೇಳಲಿಲ್ಲ. ಒಬ್ಬ ಅಜ್ಜಿ ಮರಾಠಿಯಲ್ಲಿ, ನಿಂತು ತಿಂದು ಹೋಗಪ್ಪಾ, ಯಾರೂ ಬೈಯುವುದಿಲ್ಲ ಅಂದರು. ನಿಂತೆ. ತಿಂದೆ. ಉಪ್ಪು ಹಚ್ಚಿದ ಕಿತ್ತಳೆ ಅಷ್ಟು ರುಚಿಯಿರುತ್ತದೆ ಅಂತ ಗೊತ್ತಾಗಲು ಅಷ್ಟು ದೂರ ಓಡಿ ಬರಬೇಕೇನೋ. ಐದು ತಾಸು ದಾಟಿದ ಮೇಲೆ ಮುಗಿಸಿದೆ. ಕೊರಳಿಗೆ ಮೆಡಲ್ ಹಾಕಿದರು, ಬಾಳೆಹಣ್ಣು ಕೊಟ್ಟರು.

ಊರಿಗೆ ಬಂದಾಗ ಎದುರು ಮನೆಯ ಕಾಕಾ ಮೆಡಲನ್ನು ಕೈಯಲ್ಲಿ ಹಿಡಿದು ತೂಕ ನೋಡಿದರು. "ಎಷ್ಟನೇ ನಂಬರ್ ಬಂದಿಪಾ?" ಸಾವಿರಗಳಲ್ಲಿ ಬಂದಿದ್ದ ನಂಬರನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಕಾಕಾ ಬಹಳ ಹೊತ್ತು ಲೆಕ್ಕ ಹಾಕಿದರು.

"ಅಂದ್ರ ನಿನ್ನ ಹಿಂದನೂ ಮಂದಿ ಇತ್ತೇನಪಾ?"

ಇತ್ತು ಕಾಕಾ, ಭಾಳ ಇತ್ತು ಅಂದೆ. ಅವರ ಮುಖ ಅರಳಿತು. ಅವರೆಲ್ಲರಿಗೂ ಇದೇ ಮೆಡಲ್ ಕೊಟ್ಟರು ಅನ್ನುವುದನ್ನು ಮಾತ್ರ ನಾನು ಹೇಳಲಿಲ್ಲ.